ಕೆಡ್ಡಸದ ಮೂರು ದಿನ ಮತ್ತು ನನ್ನ ಹಳದಿ ಮೆಷಿನ್

ಮಣ್ಣು ಅಗೆದು ಜೀವನ ಮಾಡುವವನಿಗೆ ಕೆಡ್ಡಸ ಬಂತೆಂದರೆ ಏನಾದರೊಂದು ಆಗದೆ ಹೋಗುವುದಿಲ್ಲ. ಇಷ್ಟು ವರ್ಷದಲ್ಲಿ ಒಂದು ಕೆಡ್ಡಸವಾದರೂ ನನ್ನ ಪಾಲಿಗೆ ಸುಮ್ಮನೆ ಬಂದು ಸುಮ್ಮನೆ ಹೋದದ್ದಿಲ್ಲ.

ನನ್ನ ಹತ್ತಿರ ಇರುವುದು ಮಣ್ಣು ತೋಡುವ ಒಂದು ಹಳದಿ ಮೆಷಿನ್. ಉದ್ದದ ಒಂದು ಕೈ, ಕೈಯ ತುದಿಯಲ್ಲಿ ಹಲ್ಲುಗಳಿರುವ ಬಕೆಟ್. ಊರಿನವರು ಅದನ್ನು ಕಂಪೆನಿಯ ಹೆಸರಿನಿಂದ ಕರೆಯುತ್ತಾರೆ, ನಾನು ಮೆಷಿನ್ ಎನ್ನುತ್ತೇನೆ, ಅಮ್ಮ ‘ಆ ಜಂತು’ ಎನ್ನುತ್ತಾರೆ. ಮನೆ ಸುಳ್ಯದ ಹತ್ತಿರದ ಆಲೆಟ್ಟಿಯಲ್ಲಿ. ಕೆಲಸ ಮಾತ್ರ ಸುಳ್ಯ, ಪುತ್ತೂರು, ಕಡಬ, ಕರೆದಲ್ಲಿಗೆ.

ಕೆಡ್ಡಸ ಗೊತ್ತಿಲ್ಲದವರಿಗೆ ಎರಡು ಮಾತು. ಮಕರ ತಿಂಗಳು ಮುಗಿಯುವ ಹೊತ್ತಿಗೆ, ಫೆಬ್ರವರಿಯಲ್ಲಿ, ಭೂಮಿತಾಯಿ ಮುಟ್ಟಾಗುತ್ತಾಳೆ ಎಂದು ನಮ್ಮ ಕಡೆಯ ನಂಬಿಕೆ. ಮೂರು ದಿನ ಅವಳಿಗೆ ವಿಶ್ರಾಂತಿ. ಉಳುವ ಹಾಗಿಲ್ಲ, ಅಗೆಯುವ ಹಾಗಿಲ್ಲ, ಹಸಿಯದ್ದನ್ನು ಕಡಿಯುವ ಹಾಗಿಲ್ಲ, ಒಣಗಿದ್ದನ್ನು ಮುರಿಯುವ ಹಾಗೂ ಇಲ್ಲ. ಕುಚ್ಚಲಕ್ಕಿ, ಹುರುಳಿ ಹುರಿದು ಪುಡಿ ಮಾಡಿ ಬೆಲ್ಲ, ತೆಂಗಿನಕಾಯಿ ಕಲಸಿದ ನನ್ನೆರಿ ತಿನ್ನುವುದು, ನುಗ್ಗೆ ಬದನೆಯ ಪದಾರ್ಥದಲ್ಲಿ ಊಟ ಮಾಡುವುದು, ನೆಂಟರ ಮನೆಗೆ ಹೋಗುವುದು. ಕೊನೆಯ ದಿನ ಹೆಂಗಸರು ನೆಲಕ್ಕೆ ಎಣ್ಣೆ ಬಿಟ್ಟು ಅವಳ ಸ್ನಾನದ ಶಾಸ್ತ್ರ ಮಾಡುತ್ತಾರೆ. ಮರುದಿನ ಅವಳು ಕೆಲಸಕ್ಕೆ ಏಳುತ್ತಾಳೆ, ಹಿಂದಿನಿಂದ ನಾನೂ ಏಳುತ್ತೇನೆ.

ಸಣ್ಣವನಿರುವಾಗಿನಿಂದ ನನಗೆ ಒಂದೇ ಕುತೂಹಲ. ಇದನ್ನು ಮೊದಲು ಹೇಳಿದ್ದು ಯಾರು? ಭೂಮಿ ಈ ಸಂಗತಿಯನ್ನು ಯಾರ ಹತ್ತಿರ ಬಾಯಿಬಿಟ್ಟು ಹೇಳಿದಳು? ಅಮ್ಮನನ್ನು ಕೇಳಿದರೆ, ‘ನಿನ್ನ ಹತ್ತಿರ ಅಂತೂ ಅಲ್ಲ’ ಎನ್ನುತ್ತಿದ್ದರು. ಮನೆಯಲ್ಲಿ ನಮ್ಮದು ಅರೆಭಾಷೆ, ಸುಳ್ಯದ ಕಡೆಯ ಒಂದು ಬಗೆಯ ಕನ್ನಡ. ಎಲ್ಲರಿಗೂ ತಿಳಿಯಲಿ ಎಂದು ಅಮ್ಮನ ಮಾತನ್ನು ಇಲ್ಲಿ ಸ್ವಲ್ಪ ತಿರುಗಿಸಿ ಬರೆದಿದ್ದೇನೆ. ಆದರೆ ಅದರ ಖಾರ ಕಡಿಮೆ ಮಾಡಿಲ್ಲ.

ಮೆಷಿನ್ ಯಾಕೆ ನಿಂತಿದೆ?

ಒಮ್ಮೆ ಕಡಬದ ಹತ್ತಿರ ರಸ್ತೆ ಬದಿಯ ಚರಂಡಿ ತೋಡುವ ಕೆಲಸ. ನಡುವಿನಲ್ಲಿ ಕೆಡ್ಡಸ ಬಂತು. ಮೆಷಿನನ್ನು ಮರದ ನೆರಳಿಗೆ ನಿಲ್ಲಿಸಿ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಫೋನ್. ಆ ಕೆಲಸ ನೋಡಿಕೊಳ್ಳಲು ಹೊಸದಾಗಿ ಬಂದಿದ್ದ ಇಂಜಿನಿಯರ್. ಘಟ್ಟದ ಮೇಲಿನ ಊರಿನವರು, ಹರೆಯದ ಹೆಣ್ಣುಮಗಳು.

‘ಏನ್ರೀ, ಮೆಷಿನ್ ನಿಂತಿದೆ, ನೀವು ಕಾಣ್ತಿಲ್ಲ. ಕೆಟ್ಟಿದ್ಯಾ?’

‘ಇಲ್ಲ ಮೇಡಂ, ಮೆಷಿನ್ ಸರಿ ಉಂಟು.’

‘ನಿಮಗೆ ಹುಷಾರಿಲ್ವಾ?’

‘ನಾನೂ ಸರಿ ಇದ್ದೇನೆ.’

‘ಮತ್ತೆ ಯಾರಿಗೆ ಏನಾಗಿದೆ?’

ನಾನು ಗಂಡಸು. ಗುರುತು ಪರಿಚಯ ಇಲ್ಲದ ಹೆಣ್ಣುಮಗಳಿಗೆ ಇದನ್ನು ಹೇಗೆ ಹೇಳುವುದು? ‘ಭೂಮಿಗೆ ಸ್ವಲ್ಪ ಹುಷಾರಿಲ್ಲ ಮೇಡಂ’ ಎಂದೆ. ಅವರು ಗಾಬರಿಯಾಗಿ ಮಣ್ಣು ಜರಿಯಿತಾ, ಬಿರುಕು ಬಿಟ್ಟಿದೆಯಾ, ಫೋಟೋ ಕಳಿಸಿ ಎಂದರು. ಹಾಗಲ್ಲ, ಇದು ವರ್ಷಕ್ಕೊಮ್ಮೆ ಆಗುವುದು ಎಂದೆ. ವರ್ಷಾ ವರ್ಷ ಬಿರುಕು ಬಿಡುತ್ತದಾ ಎಂದು ಅವರ ಗಾಬರಿ ಇನ್ನೂ ಹೆಚ್ಚಾಯಿತು. ಬಿರುಕಲ್ಲ, ಅವಳು ಮೂರು ದಿನ ಕೆಲಸ ಮಾಡುವುದಿಲ್ಲ, ಕೊನೆಯ ದಿನ ಸ್ನಾನ ಆಗುತ್ತದೆ, ಹೆಂಗಸರಿಗೆ ಗೊತ್ತಿರುತ್ತದೆ, ನೀವು ಮನೆಯಲ್ಲಿ ಹಿರಿಯರನ್ನು ಕೇಳಬೇಕು ಎಂದು ಹತ್ತು ನಿಮಿಷ ಸುತ್ತು ಬಳಸಿದೆ. ಫೆಬ್ರವರಿಯ ಬೆಳಗಿನ ಚಳಿಯಲ್ಲೂ ನನ್ನ ಅಂಗಿ ಒದ್ದೆಯಾಗಿತ್ತು.

ಕೊನೆಗೆ ಅವರೇ ನನ್ನನ್ನು ತಡೆದರು. ‘ಭೂಮಿ ಮುಟ್ಟಾಗಿದ್ದಾಳೆ ಅಂತ ತಾನೆ ನೀವು ಹೇಳ್ತಿರೋದು?’

‘ಹೌದು ಮೇಡಂ’ ಎಂದೆ, ನೆಲ ನೋಡುತ್ತಾ.

‘ಅದಕ್ಕೆ ಮೂರು ದಿನ ಪೂರ್ತಿ ರಜೆ ಕೊಟ್ಟಿದ್ದೀರಾ? ಯಾರೂ ಬಂದು ಕಾರಣ ಕೇಳಲ್ವಾ?’

‘ಯಾರೂ ಕೇಳುದಿಲ್ಲ ಮೇಡಂ. ಎಲ್ಲರಿಗೂ ಗೊತ್ತಿರ್ತದೆ.’

ಈಗ ಬೈಗುಳ ಬರುತ್ತದೆ ಎಂದು ಕಿವಿಯಿಂದ ಫೋನನ್ನು ಸ್ವಲ್ಪ ದೂರ ಹಿಡಿದೆ.

‘ನಿಮ್ಮೂರಲ್ಲಿ ಭೂಮಿಯಾಗಿ ಹುಟ್ಟಬೇಕಿತ್ತು ಕಣ್ರೀ. ನಾನು ಇಂಜಿನಿಯರ್ ಆಗಿ ತಪ್ಪು ಮಾಡಿದೆ’ ಎಂದು ಫೋನ್ ಇಟ್ಟರು.

ಅಮ್ಮನ ಕೋರ್ಟು

ಕೆಡ್ಡಸದಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬ ಸಂಶಯ ಬಂದರೆ ನಮ್ಮ ಸುತ್ತಿನವರು ಅಮ್ಮನನ್ನು ಕೇಳುತ್ತಾರೆ. ಮೇಲ್ಮನವಿಗೆ ಅವಕಾಶ ಇಲ್ಲ.

‘ಕಾಂಕ್ರೀಟ್ ಒಡೆಯಬಹುದಾ ಅತ್ತೆ? ಅದು ಮಣ್ಣಲ್ಲ ಅಲ್ವಾ?’ ಎಂದು ಒಬ್ಬ ಫೋನ್ ಮಾಡಿದ.

‘ಅದರ ಅಡಿಯಲ್ಲಿ ಎಂತ ಉಂಟು?’

‘ಮಣ್ಣು.’

‘ನೀನು ಹೊದ್ದು ಮಲಗಿರುವಾಗ ನಾನು ಕಂಬಳಿಯ ಮೇಲಿಂದ ಬಡಿದರೆ ನಿನಗೆ ಆಗ್ತದಾ?’

ಅಲ್ಲಿಗೆ ಆ ಪ್ರಕರಣ ಮುಗಿಯಿತು.

ಆದರೆ ಅಮ್ಮನಿಗೂ ಒಮ್ಮೆ ಕಷ್ಟಕ್ಕೆ ಬಂತು. ನೆರೆಮನೆಯ ಯಜಮಾನರು ಕೆನ್ನೆಗೆ ಮಫ್ಲರ್ ಸುತ್ತಿಕೊಂಡು ಬಂದು ಜಗಲಿಯಲ್ಲಿ ಕುಳಿತರು. ಒಂದು ದವಡೆ ಹಲ್ಲು ನಾಲ್ಕು ದಿನದಿಂದ ಅವರ ಜೀವ ತೆಗೆಯುತ್ತಿತ್ತು. ಸುಳ್ಯದ ಹಲ್ಲಿನ ಡಾಕ್ಟ್ರು ಕೀಳಲು ದಿನ ಕೊಟ್ಟಿದ್ದರು. ನೋಡಿದರೆ ಅದು ನಡು ಕೆಡ್ಡಸದ ದಿನ, ಅಂದರೆ ಆವತ್ತೇ.

‘ಅಕ್ಕ, ಹಸಿಯದ್ದು ಕಡಿಯಬಾರದು ಅಂತ ಉಂಟಲ್ಲ. ಹಲ್ಲು ಕೀಳಬಹುದಾ?’ ಎಂದು ಒಂದು ಕಡೆಯ ಬಾಯಲ್ಲಿ ಕೇಳಿದರು.

ಅಮ್ಮ ಕನ್ನಡಕ ಹಾಕಿಕೊಂಡು, ಟಾರ್ಚ್ ತಂದು, ಅವರ ಬಾಯೊಳಗೆ ಬಹಳ ಹೊತ್ತು ನೋಡಿದರು. ‘ಇದು ಹಸಿ ಅಲ್ಲ. ಹುಳುಕಾಗಿ ಒಣಗಿದೆ’ ಎಂದರು.

ಯಜಮಾನರ ಮುಖ ಅರಳಿತು. ಮರುಕ್ಷಣ ಬಾಡಿತು. ‘ಒಣಗಿದ್ದು ಮುರಿಯಬಾರದು ಅಂತಲೂ ಉಂಟಲ್ಲ ಅಕ್ಕ!’

ಅಮ್ಮ ಟಾರ್ಚ್ ಆರಿಸಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಕೊನೆಗೆ, ‘ಡಾಕ್ಟ್ರು ದೊಡ್ಡದು ಕಲಿತವರು. ಅವರು ಹೇಳಿದ ಹಾಗೆ ಮಾಡು’ ಎಂದು ಕೈ ತೊಳೆದುಕೊಂಡರು. ಯಜಮಾನರು ಜೀವ ಬಂದವರಂತೆ ಸುಳ್ಯಕ್ಕೆ ಓಡಿದರು.

ಸಂಜೆ ನೋಡುತ್ತೇನೆ, ಅದೇ ಮಫ್ಲರ್, ಅದೇ ಊದಿದ ಕೆನ್ನೆ. ಕೈಯಲ್ಲೊಂದು ಡಬ್ಬಿ.

‘ಎಂತ ಆಯ್ತು?’

‘ಡಾಕ್ಟ್ರ ಮನೆಯಲ್ಲೂ ಕೆಡ್ಡಸ ಉಂಟಂತೆ. ಅವರು ಕೊಟ್ಟ ದಿನ ತಪ್ಪಿ ಬರೆದದ್ದಂತೆ. ಕೆಡ್ಡಸ ಕಳೆದು ಬನ್ನಿ ಅಂದ್ರು. ಬರಿಗೈಯಲ್ಲಿ ಕಳಿಸಬಾರದು ಅಂತ ಅವರ ತಾಯಿ ಇದನ್ನು ಕೊಟ್ಟರು.’

ಡಬ್ಬಿಯಲ್ಲಿ ನನ್ನೆರಿ ಇತ್ತು. ಹುರಿದ ಹುರುಳಿ ಅರ್ಧಂಬರ್ಧ ಪುಡಿಯಾದದ್ದು, ಕಲ್ಲಿನಷ್ಟು ಗಟ್ಟಿ.

ಮೂಲ ಹುಡುಕಿಕೊಂಡು ಹೋದದ್ದು

ಒಂದು ವರ್ಷ ಹಠ ಹಿಡಿದೆ. ಹೇಗೂ ಮೆಷಿನ್ ನಿಂತಿದೆ, ಮೂರು ದಿನ ಖಾಲಿ. ಈ ಕೆಡ್ಡಸದ ಮೂಲ ಎಲ್ಲಿ ಉಂಟೋ ಅಲ್ಲಿಗೇ ಹೋಗಿ ಬರುತ್ತೇನೆ ಎಂದು ಬೈಕ್ ಹತ್ತಿದೆ.

ಮೊದಲು ಪುತ್ತೂರಿನ ಒಬ್ಬ ಜೋಯಿಸರ ಮನೆಗೆ. ಅವರಿಗೆ ತಿಳಿಯದ ಹಬ್ಬ ಇಲ್ಲ ಎಂದು ಹೆಸರು. ಕಪಾಟಿನ ತುಂಬ ಪುಸ್ತಕ. ನನ್ನ ಪ್ರಶ್ನೆ ಕೇಳಿ ಎರಡು ಪುಸ್ತಕ ತೆರೆದರು, ಮುಚ್ಚಿದರು. ‘ಇದು ನಮ್ಮ ಶಾಸ್ತ್ರದ ಪುಸ್ತಕದಲ್ಲಿ ಇಲ್ಲ ಮಾರಾಯ. ಆದರೆ ಈ ಮೂರು ದಿನ ನಾನು ಅಂಗಳದ ಒಂದು ಹುಲ್ಲು ಕೀಳುವ ಹಾಗಿಲ್ಲ’ ಎಂದರು.

‘ಪುಸ್ತಕದಲ್ಲಿ ಇಲ್ಲದ್ದನ್ನು ಯಾಕೆ ಪಾಲಿಸುದು?’

ಜೋಯಿಸರು ಒಳಗಿನ ಕಡೆ ನೋಡಿ ದನಿ ತಗ್ಗಿಸಿದರು. ‘ಪುಸ್ತಕ ಬರೆದವರು ನನಗೆ ಊಟ ಹಾಕುದಿಲ್ಲ.’

ಜೋಯಿಸರ ಹೆಂಡತಿ ಬಂದು ಕುಳಿತರು. ಅವರ ಪ್ರಕಾರ ಭೀಮಸೇನ ಹುಟ್ಟಿದ್ದು ಕೆಡ್ಡಸದಲ್ಲಿ. ಈ ದಿನಗಳಲ್ಲಿ ಬೀಸುವ ಗಾಳಿ ಉಂಟಲ್ಲ, ಅದು ಮಗುವನ್ನು ನೋಡಲು ಬಂದ ವಾಯುದೇವ. ಕೇಳಲು ಚಂದ ಇತ್ತು. ಆದರೆ ಅದಕ್ಕೂ ಅಗೆಯಬಾರದು ಎಂಬುದಕ್ಕೂ ಎಂತ ಸಂಬಂಧ ಎಂದೆ. ‘ಬಾಣಂತಿ ಕೋಣೆಯ ಹೊರಗೆ ಗುದ್ದಲಿ ಶಬ್ದ ಮಾಡಿದರೆ ಮಗು ಏಳುದಿಲ್ವಾ?’ ಎಂದರು. ಅವರಿಗೂ ಪೂರ್ತಿ ನಂಬಿಕೆ ಇರಲಿಲ್ಲ ಅಂತ ಕಾಣುತ್ತದೆ. ‘ಬೇರೆ ಒಂದು ಕಥೆಯೂ ಉಂಟು. ಕಡಬದಲ್ಲಿ ನುಗ್ಗೆಕಾಯಿ ಮಾರುವ ಒಬ್ಬಳು ಅದನ್ನು ಸರಿಯಾಗಿ ಹೇಳ್ತಾಳೆ’ ಎಂದು ಗುರುತು ಹೇಳಿದರು.

ಮರುದಿನ ಕಡಬ. ನುಗ್ಗೆಕಾಯಿಯವಳಿಗೆ ಕೆಡ್ಡಸದಲ್ಲಿ ಪುರುಸೊತ್ತೇ ಇಲ್ಲ. ಎರಡು ಕಟ್ಟು ತೆಗೆದುಕೊಂಡ ಮೇಲೆ ಬಾಯಿ ಬಿಟ್ಟಳು. ಸೀತೆ ಭೂಮಿಯ ಒಳಗೆ ಹೋದಳಲ್ಲ, ಆಗ ಅಮ್ಮ ಮಗಳು ಭೇಟಿಯಾಗಿ ಎಷ್ಟು ಕಾಲ ಆಗಿತ್ತು! ಒಬ್ಬರ ಕಷ್ಟ ಒಬ್ಬರಿಗೆ ಹೇಳಿ ಮುಗಿಯಲಿಲ್ಲ. ಮೂರು ದಿನ ಬಾಗಿಲು ಹಾಕಿಕೊಂಡು ಮಾತಾಡಿದರು. ಆ ಮೂರು ದಿನ ಮೇಲಿನಿಂದ ಯಾರೂ ತಟ್ಟಬಾರದು ಅಂತ ಭೂಮಿ ಹೇಳಿದಳು. ಈಗಲೂ ವರ್ಷಕ್ಕೊಮ್ಮೆ ಅವರು ಕೂತು ಮಾತಾಡುತ್ತಾರೆ.

ಮಾರುಕಟ್ಟೆಯ ಆ ಗದ್ದಲದಲ್ಲೂ ನನ್ನ ಕಣ್ಣು ತೇವವಾಯಿತು. ಇಷ್ಟು ಚಂದದ ಕಥೆ ಇಷ್ಟು ದಿನ ಎಲ್ಲಿ ಅಡಗಿ ಕೂತಿತ್ತು? ‘ನಿನಗೆ ಇದನ್ನು ಯಾರು ಹೇಳಿದ್ದಕ್ಕ?’ ಎಂದು ಕೇಳಿದೆ.

‘ಸುಳ್ಯ ಬಸ್ಸಿನಲ್ಲಿ ಒಬ್ಬರು ಅಮ್ಮ. ಆಲೆಟ್ಟಿಯವರಂತೆ. ಅವರ ಮಗನಿಗೆ ಎಂತದೋ ಹಳದಿ ಜಂತು ಉಂಟಂತೆ.’

ನುಗ್ಗೆಕಾಯಿ ಹಿಡಿದುಕೊಂಡು ಮನೆಗೆ ಬಂದೆ. ಅಮ್ಮ ಬದನೆ ಹೆಚ್ಚುತ್ತಿದ್ದರು.

‘ಅಮ್ಮ, ಸೀತೆಯ ಕಥೆ ನೀವು ಬಸ್ಸಿನಲ್ಲಿ ಹೇಳಿದ್ದಾ?’

‘ಹೌದು. ಬಸ್ಸು ಕೆಟ್ಟು ನಿಂತಿತ್ತು. ಹೊತ್ತು ಹೋಗ್ಬೇಕಲ್ಲ.’

‘ನನಗೆ ಯಾಕೆ ಯಾವತ್ತೂ ಹೇಳಲಿಲ್ಲ?’

ಅಮ್ಮ ಕತ್ತಿಯಿಂದ ತಲೆ ಎತ್ತಲಿಲ್ಲ. ‘ನೀನು ಹುಟ್ಟಿದಾಗಿನಿಂದ ಯಾರು ಹೇಳಿದ್ದು, ಯಾರು ಹೇಳಿದ್ದು ಅಂತ ಕೇಳಿದೆ. ಕಥೆ ಎಂತ ಅಂತ ಒಮ್ಮೆಯಾದರೂ ಕೇಳಿದ್ದೀಯಾ?’

ಮಾಸ್ಟ್ರ ಮನೆಯ ದಾರಿ

ಇದು ಹೋದ ವರ್ಷದ್ದು.

ಕಡಬದ ಹತ್ತಿರದ ಕೋಡಿಂಬಾಳದಲ್ಲಿ ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮಾಸ್ಟ್ರು ಇದ್ದಾರೆ. ಈಗ ನಿವೃತ್ತಿ. ಕೆಡ್ಡಸ, ಗ್ರಹಣ, ಹಲ್ಲಿ ಶಕುನ, ಎಲ್ಲವನ್ನೂ ಕ್ಲಾಸಿನಲ್ಲಿ ಸಮಾನವಾಗಿ ತಮಾಷೆ ಮಾಡಿದವರು. ಅವರ ಒಬ್ಬಳೇ ಮಗಳ ಮದುವೆ ಕೆಡ್ಡಸ ಮುಗಿದ ಮೂರನೆಯ ದಿನಕ್ಕೆ. ಮದುವೆ ಮನೆಯ ಅಂಗಳದಲ್ಲೇ ಆಗಬೇಕೆಂದು ಮಗಳ ಹಠ. ಕಾರಣ ಅಜ್ಜಿ, ಅಂದರೆ ಮಾಸ್ಟ್ರ ತಾಯಿ. ತೊಂಬತ್ತರ ಹತ್ತಿರ. ಕಾರಿನಲ್ಲಿ ಕೂತರೆ ತಲೆ ತಿರುಗುತ್ತದೆ, ಎಲ್ಲಿಗೂ ಹೋಗುವ ಹಾಗಿಲ್ಲ.

ಮನೆ ಇರುವುದು ರಸ್ತೆಯಿಂದ ಸ್ವಲ್ಪ ಎತ್ತರದಲ್ಲಿ. ದಾರಿ ಸಪೂರ. ಚಪ್ಪರದ ಸಾಮಾನು, ಅಡುಗೆಯ ಪಾತ್ರೆ ತುಂಬಿದ ಲಾರಿ ಹತ್ತಬೇಕಾದರೆ ಅಗಲ ಮಾಡಲೇಬೇಕು. ಗಂಡಿನ ಕಡೆಯವರು ಸಕಲೇಶಪುರದ ಆಚೆಯವರು. ವರನ ದೊಡ್ಡಪ್ಪ ಮೊದಲೇ ಹೇಳಿದ್ದರಂತೆ: ‘ದಾರಿ ನಾನೇ ಬಂದು ನೋಡ್ತೀನಿ. ಸರಿ ಇಲ್ಲ ಅಂದ್ರೆ ಪುತ್ತೂರಿನಲ್ಲಿ ಹಾಲ್ ಮಾಡೋಣ.’ ಹಾಲ್ ಆದರೆ ಅಜ್ಜಿಗೆ ಮೊಮ್ಮಗಳ ಮದುವೆ ಇಲ್ಲ.

ಮಾಸ್ಟ್ರು ನನಗೆ ಒಂದು ತಿಂಗಳು ಮೊದಲೇ ಹೇಳಿದ್ದರು. ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಹೇಳಿ ನಾನು ಹೋದದ್ದು ಕೆಡ್ಡಸದ ಹಿಂದಿನ ದಿನ. ತಪ್ಪು ಪೂರ್ತಿ ನನ್ನದೇ. ಒಂದೇ ದಿನದಲ್ಲಿ ಮುಗಿಸಿಬಿಡುತ್ತೇನೆ ಎಂದು ಊಟಕ್ಕೂ ಇಳಿಯದೆ ಕೆಲಸ ಮಾಡಿದೆ. ಸಂಜೆ ಐದು ಗಂಟೆಗೆ, ಸರಿಯಾಗಿ ಗೇಟಿನ ನಡುವೆ, ಒಂದು ದೊಡ್ಡ ಕೆಂಪು ಮುರಕಲ್ಲಿನ ಬಂಡೆಯ ಅಡಿಗೆ ಬಕೆಟ್ ಹಾಕಿದ್ದೆ. ಕೈಯನ್ನು ಆಡಿಸುವ ಎಣ್ಣೆಯ ಹಳೆಯ ಹೋಸ್ ಪೈಪ್ ಒಂದು ಒಡೆದು ಎಣ್ಣೆಯೆಲ್ಲ ಸೋರಿತು. ಮೆಷಿನ್ನಿನ ಕೈ ಅಲ್ಲೇ ನಿಂತಿತು. ಮೊಣಕೈವರೆಗೆ ಮಣ್ಣಿನ ಒಳಗೆ.

ಮರುದಿನ ಬೆಳಿಗ್ಗೆಯೇ ಪುತ್ತೂರಿಗೆ ಹೋಗಿ ಹೊಸ ಹೋಸ್ ತಂದು ಹಾಕಿದೆ. ಒಮ್ಮೆ ಎತ್ತಿದರೆ ಆಯಿತು ಎಂದು ಮೇಲೆ ಹತ್ತಿ ಕೂತು ನೋಡುತ್ತೇನೆ, ಬಕೆಟಿನ ಎದುರು ಒಂದು ಕುರ್ಚಿ. ಕುರ್ಚಿಯಲ್ಲಿ ಅಜ್ಜಿ.

‘ಇವತ್ತು ಎಂತ ದಿನ?’ ಅಜ್ಜಿ ಕೇಳಿದರು.

‘ಕೆಡ್ಡಸ, ಅಜ್ಜಿ.’

‘ಗೊತ್ತುಂಟಲ್ಲ. ಹಾಗಾದ್ರೆ ಇಳಿ.’

ಮಾಸ್ಟ್ರು ಓಡಿ ಬಂದರು. ‘ಅಮ್ಮ, ಇವ ಅಗೆಯುದಲ್ಲ. ಬಕೆಟ್ ಮೇಲೆ ಎತ್ತುದು ಮಾತ್ರ.’

‘ಎತ್ತುವಾಗ ಮಣ್ಣು ಬರ್ತದಾ ಇಲ್ವಾ?’

‘ಬರ್ತದೆ.’

‘ಹಾಗಾದ್ರೆ ಅದು ಅಗೆದ ಹಾಗೆಯೇ.’

ಮಾಸ್ಟ್ರು ತಮ್ಮ ಜೀವನದ ವಿಜ್ಞಾನವನ್ನೆಲ್ಲ ಒಟ್ಟು ಮಾಡಿ ಒಂದು ಪ್ರಶ್ನೆ ಹಾಕಿದರು. ‘ಸರಿ ಅಮ್ಮ. ಎತ್ತಿದರೆ ಅವಳಿಗೆ ನೋವು. ಹೀಗೇ ಚುಚ್ಚಿಕೊಂಡು ಮೂರು ದಿನ ಬಿಟ್ಟರೆ ನೋವಿಲ್ವಾ?’

ಅಜ್ಜಿ ಕುರ್ಚಿಯಿಂದ ಬಗ್ಗಿ ಬಕೆಟನ್ನು ನೋಡಿದರು. ಕೆಡ್ಡಸ ಶುರುವಾಗುವ ಮೊದಲೇ ನೆಲದೊಳಗೆ ಹೋಗಿ ಸಿಕ್ಕಿಬಿದ್ದವನ ಗತಿ ಏನು ಎಂದು ಯಾವ ಹಿರಿಯರೂ ಹೇಳಿಟ್ಟಿರಲಿಲ್ಲ. ನಮ್ಮೂರಲ್ಲಾದರೆ ಇಂಥದ್ದನ್ನು ನನ್ನ ಅಮ್ಮನ ಹತ್ತಿರ ಕೇಳುತ್ತಾರೆ ಎಂದೆ. ಮಾಸ್ಟ್ರಿಗೆ ಧೈರ್ಯ ಬಂತು. ‘ನಿನ್ನ ಅಮ್ಮನಿಗೆ ಫೋನ್ ಮಾಡು. ಅವರು ಹೇಳಿದ ಹಾಗೆ’ ಎಂದರು. ಈಗ ಗೆದ್ದೆ ಎಂಬ ಕಳೆ ಅವರ ಮುಖದಲ್ಲಿ. ಪಾಪ, ಅವರಿಗೆ ನನ್ನ ಅಮ್ಮನ ಪರಿಚಯ ಇರಲಿಲ್ಲ.

ಸ್ಪೀಕರ್ ಹಾಕಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡರು.

‘ಕಾಲಿಗೆ ಮುಳ್ಳು ಚುಚ್ಚಿಕೊಂಡು ಒಬ್ಬಳು ಸುಸ್ತಾಗಿ ಮಲಗಿದ್ದಾಳೆ ಅಂತ ಇಟ್ಟುಕೊ. ಅವಳನ್ನು ಎಬ್ಬಿಸಿ ಮುಳ್ಳು ಎಳೀತಾರಾ? ಎದ್ದ ಮೇಲೆ ಅವಳನ್ನು ಕೇಳಿ ತೆಗೀಬೇಕು. ಅಲ್ಲಿಯವರೆಗೆ ಅಲ್ಲಾಡಿಸಬೇಡ. ಕೊನೆಯ ದಿನ ನಾನೇ ಬರ್ತೇನೆ.’

ಅಜ್ಜಿ ಫೋನಿನ ಕಡೆ ಬಗ್ಗಿದರು. ‘ನೀವು ಯಾವ ಮನೆಯವರು?’

ಅಲ್ಲಿಂದ ಮುಂದೆ ಆ ಫೋನ್ ನನ್ನದಾಗಿ ಉಳಿಯಲಿಲ್ಲ. ಒಬ್ಬರನ್ನೊಬ್ಬರು ನೋಡದ ಇಬ್ಬರು ಹೆಂಗಸರು ಬ್ಯಾಟರಿ ಮುಗಿಯುವವರೆಗೆ ಮಾತಾಡಿದರು. ಮಾಸ್ಟ್ರು ಮೆಟ್ಟಿಲ ಮೇಲೆ ಕೂತುಬಿಟ್ಟರು. ‘ಇಷ್ಟು ವರ್ಷ ಮಕ್ಕಳಿಗೆ ಸನ್ನೆಗೋಲು ಕಲಿಸಿದೆ ಮಾರಾಯ. ನನ್ನ ಮನೆ ಎದುರು ಒಂದು ಬಕೆಟ್ ಎತ್ತಿಸಲಿಕ್ಕೆ ಆಗ್ಲಿಲ್ಲ.’

ಮಧ್ಯಾಹ್ನ ಮತ್ತೊಮ್ಮೆ ತಾಯಿಯ ಹತ್ತಿರ ಹೋದರು. ‘ಅಮ್ಮ, ದಾರಿ ಆಗದಿದ್ರೆ ಮದುವೆ ಹಾಲಿಗೆ ಹೋಗ್ತದೆ. ನಿಮಗೆ ನೋಡ್ಲಿಕ್ಕೆ ಸಿಗುದಿಲ್ಲ.’

‘ಗೊತ್ತುಂಟು’ ಎಂದರು ಅಜ್ಜಿ. ‘ತೊಂಬತ್ತು ವರ್ಷ ನನ್ನನ್ನು ಹೊತ್ತಿದ್ದಾಳೆ. ಅವಳಿಗೆ ಮೂರು ದಿನ ಬಿಡ್ಲಿಕ್ಕೆ ಆಗದಿದ್ರೆ ನಾನು ಮದುವೆ ನೋಡಿ ಎಂತ ಮಾಡುದು?’

ನನಗೆ ನಾಚಿಕೆಯಾಯಿತು. ಒಂದು ವಾರ ಮೊದಲು ಬಂದಿದ್ದರೆ ಇದು ಯಾವುದೂ ಇರಲಿಲ್ಲ. ಎರಡು ದಿನ ಆ ಮನೆಯ ಜಗಲಿಯಲ್ಲಿ ಕೂತು, ಅವರು ಕೊಟ್ಟ ನನ್ನೆರಿ ತಿಂದೆ.

ಮೂರನೆಯ ದಿನ ಬೆಳಿಗ್ಗೆ ಅಮ್ಮ ಎಣ್ಣೆ ಬಾಟಲಿ ಹಿಡಿದು ಬಸ್ಸಿನಿಂದ ಇಳಿದರು. ಎಣ್ಣೆ ಬಿಡುವುದು ಸಾಧಾರಣ ತುಳಸಿಕಟ್ಟೆಯ ಎದುರು. ಆದರೆ ಅಜ್ಜಿ, ‘ನೋವಾದ ಜಾಗದಲ್ಲೇ ಎಣ್ಣೆ ಬಿಡ್ಬೇಕು’ ಎಂದರು. ಸರಿ, ಬಕೆಟಿನ ಎದುರು ಸೆಗಣಿ ಸಾರಿಸಿ, ಬಾಳೆಲೆ ಹಾಕಿ, ಅರಿಶಿನ, ಕುಂಕುಮ, ಬಳೆ, ಬಾಚಣಿಗೆ, ಕನ್ನಡಿ, ನನ್ನೆರಿ ಇಟ್ಟರು. ಮದುಮಗಳು ನೆಲಕ್ಕೆ ಎಣ್ಣೆ ಬಿಟ್ಟಳು. ಬಾಟಲಿಯಲ್ಲಿ ಸ್ವಲ್ಪ ಉಳಿಯಿತು. ಅಮ್ಮ ಅದನ್ನು ನನ್ನ ಬಕೆಟಿನ ಹಲ್ಲುಗಳಿಗೆ ಸವರಿದರು.

‘ಇದಕ್ಕೆ ಯಾಕಮ್ಮ?’

‘ಮೂರು ದಿನ ಬಗ್ಗಿ ನಿಂತಿದೆಯಲ್ಲ. ಇದಕ್ಕೂ ಸೊಂಟ ನೋವಾಗಿರ್ಬಹುದು.’

ಅಷ್ಟು ಹೊತ್ತಿಗೆ ಕೆಳಗೆ ಕಾರು ನಿಂತಿತು. ವರನ ದೊಡ್ಡಪ್ಪ ಹಣ್ಣಿನ ಬುಟ್ಟಿ ಹಿಡಿದುಕೊಂಡು, ಅಗೆದು ಬಿಟ್ಟ ಮಣ್ಣಿನ ಮೇಲೆ ಕಾಲಿಡುತ್ತಾ ಬಂದರು. ಬಕೆಟ್ ನೋಡಿದರು. ಬಳೆ, ಕುಂಕುಮ, ಕನ್ನಡಿ ನೋಡಿದರು. ಮಾಸ್ಟ್ರ ಕಿವಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು: ‘ಏನ್ ಮಾಸ್ಟ್ರೇ ಇದು? ಮೆಷಿನ್‌ಗೆ ಸೀಮಂತನಾ?’

ಮಾಸ್ಟ್ರ ಮುಖ ನೋಡಬೇಕಿತ್ತು. ಹೋಸ್ ಒಡೆದು ಕೆಲಸ ನಿಂತಿದೆ ಎಂದರೆ ಮದುವೆ ಪುತ್ತೂರಿನ ಹಾಲಿಗೆ. ಇದೆಲ್ಲ ಮೂಢನಂಬಿಕೆ ಎಂದರೆ ಪಕ್ಕದಲ್ಲೇ ತಾಯಿ. ಗಂಟಲು ಸರಿ ಮಾಡಿಕೊಂಡು, ಕ್ಲಾಸಿನಲ್ಲಿ ನಿಲ್ಲುವ ಹಾಗೆ ನಿಂತು, ‘ಇದು ನಮ್ಮ ಕೆಡ್ಡಸ. ಭೂಮಿಗೆ ಮೂರು ದಿನ ರಜೆ’ ಎಂದು ಶುರು ಮಾಡಿದರು. ಮಣ್ಣಿನ ತೇವ, ಎರೆಹುಳು, ಬೇರಿನ ಉಸಿರಾಟ, ಎಲ್ಲ ಬಂತು. ನನಗೆ ಅವರು ಹತ್ತನೇ ಕ್ಲಾಸಿನಲ್ಲೂ ಇಷ್ಟು ಚಂದ ಪಾಠ ಮಾಡಿರಲಿಲ್ಲ.

‘ಅದೆಲ್ಲ ಸರಿ. ಮೂರೇ ದಿನ ಯಾಕೆ? ಏನಾದ್ರೂ ಪುರಾಣ ಇರಬೇಕಲ್ಲ?’ ದೊಡ್ಡಪ್ಪನಿಗೂ ನನ್ನ ಹಾಗೆ ಕೇಳುವ ಚಟ.

ಮಾಸ್ಟ್ರು ಆಕಾಶ ನೋಡಿದರು. ನೆಲ ನೋಡಿದರು. ಕೊನೆಗೆ ನನ್ನ ಮೆಷಿನ್ ನೋಡಿದರು. ‘ಹಿಂದೆ ಒಬ್ಬ ರಾಕ್ಷಸ ಇದ್ದ. ಭೂಮಿಯನ್ನು ಬಗೆಯುದೇ ಅವನ ಕೆಲಸ. ಒಮ್ಮೆ ಅವ ಮಣ್ಣಿನೊಳಗೆ ಕೈ ಹಾಕಿದಾಗ ಭೂಮಿತಾಯಿ ಗಟ್ಟಿ ಹಿಡ್ಕೊಂಡಳು. ಮೂರು ದಿನ ಬಿಡ್ಲೇ ಇಲ್ಲ’ ಎಂದರು.

ದೊಡ್ಡಪ್ಪ ಚಪ್ಪಲಿ ಬಿಟ್ಟರು. ಬಕೆಟಿಗೆ ಕೈ ಮುಗಿದು, ಮದುಮಗಳಿಗೆಂದು ತಂದ ಹಣ್ಣಿನಲ್ಲಿ ಅರ್ಧ ತೆಗೆದು ಬಾಳೆಲೆಯ ಮೇಲಿಟ್ಟರು. ‘ಮೊದಲೇ ಹೇಳಬಾರ್ದಿತ್ತಾ? ಒಂದು ಸೀರೆ ತರ್ತಿದ್ವಿ’ ಎಂದರು. ಮತ್ತೆ ಅಜ್ಜಿಯ ಕಾಲು ಮುಟ್ಟಿ, ‘ಮಣ್ಣಿಗೇ ಇಷ್ಟು ಮರ್ಯಾದೆ ಕೊಡೋ ಮನೆ ಇದು. ಮದುವೆ ಇಲ್ಲೇ ಆಗ್ಲಿ. ದಾರಿ ಆಗ್ಲಿಲ್ಲ ಅಂದ್ರೆ ನಾವು ನಡ್ಕೊಂಡು ಹತ್ತಿ ಬರ್ತೀವಿ’ ಎಂದರು.

ನಡೆಯಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿ ಕೈ ಬೀಸಿದ ಕೂಡಲೇ ಬಕೆಟ್ ಎತ್ತಿದೆ. ಸಂಜೆಯೊಳಗೆ ಲಾರಿ ಅಂಗಳಕ್ಕೆ ಬಂತು. ಮದುವೆಯ ದಿನ ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ಧಾರೆ ನೋಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಕಣ್ಣು ಒರೆಸಿಕೊಂಡೆ.

ಊಟದ ಹೊತ್ತಿಗೆ ಮಾಸ್ಟ್ರು ನನ್ನನ್ನು ಬದಿಗೆ ಕರೆದರು. ‘ಆ ರಾಕ್ಷಸನ ಕಥೆ ನಾನು ಹೇಳಿದ್ದು ಅಂತ ನಿನ್ನ ಅಮ್ಮನಿಗೆ ಗೊತ್ತಾಗುದು ಬೇಡ, ಆಯ್ತಾ?’

‘ಮಾಸ್ಟ್ರೇ, ನೀವು ಹೇಳುವಾಗ ಅಮ್ಮ ನಿಮ್ಮ ಬೆನ್ನ ಹಿಂದೆಯೇ ಇದ್ದರು’ ಎಂದೆ.

ಸಂಪಾಜೆಯಲ್ಲಿ ಕೇಳಿದ ಪುರಾಣ

ಈ ವರ್ಷದ ಕೆಡ್ಡಸಕ್ಕೆ ಅಮ್ಮನನ್ನು ಕರೆದುಕೊಂಡು ಸಂಪಾಜೆಗೆ ಹೋಗಿದ್ದೆ. ಅಲ್ಲಿ ನಮಗೆ ದೂರದ ಸಂಬಂಧದ ಒಂದು ಮನೆ. ನಾನು ಆ ಮನೆಗೆ ಹೋದದ್ದು ಅದೇ ಮೊದಲು. ನಾನು ಯಾರು, ಎಂತ ಕೆಲಸ ಮಾಡುವುದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಯ ಯಜಮಾನ್ತಿ ಬಟ್ಟಲು ತುಂಬ ನನ್ನೆರಿ ತಂದಿಟ್ಟರು. ನನ್ನ ಹಳೆಯ ಚಟ ಬಿಡಬೇಕಲ್ಲ! ಆದರೆ ಈ ಸಲ ಬುದ್ಧಿ ಬಂದಿತ್ತು. ಯಾರು ಹೇಳಿದ್ದು ಎಂದು ಕೇಳಲಿಲ್ಲ.

‘ಅಕ್ಕ, ಕೆಡ್ಡಸದ ಕಥೆ ನಿಮಗೆ ಎಂತಾದ್ರೂ ಗೊತ್ತುಂಟಾ?’

‘ಗೊತ್ತಿಲ್ಲದೆ ಎಂತ!’ ಅವರು ಸೆರಗು ಸಿಕ್ಕಿಸಿಕೊಂಡು ಎದುರು ಕೂತರು. ‘ಹಿಂದೆ ಒಬ್ಬ ರಾಕ್ಷಸ ಇದ್ದನಂತೆ. ಮೈಯೆಲ್ಲ ಹಳದಿ. ಒಂದೇ ಕೈ. ಕೈಯ ತುದಿಯಲ್ಲಿ ಹಲ್ಲು.’

ನನ್ನ ಬಾಯಲ್ಲಿದ್ದ ನನ್ನೆರಿ ಅಲ್ಲೇ ನಿಂತಿತು. ಅಮ್ಮನ ಕಡೆ ನೋಡಿದೆ. ಅಮ್ಮ ಬಟ್ಟಲಲ್ಲಿ ಕಲ್ಲು ಹುಡುಕುತ್ತಿದ್ದರು.

‘ಹಗಲೂ ರಾತ್ರಿ ಭೂಮಿಯನ್ನು ಬಗೆಯುದೇ ಕೆಲಸ. ಹೇಳಿದ ದಿನಕ್ಕೆ ಎಲ್ಲಿಗೂ ಹೋಗುವವನಲ್ಲ, ಸೋಮಾರಿ. ಒಮ್ಮೆ ಮದುವೆ ಮನೆಯ ಬಾಗಿಲಿನಲ್ಲೇ ಕೈ ಹಾಕಿದ. ಭೂಮಿತಾಯಿ ಹಿಡ್ಕೊಂಡಳು. ಎಳೆದ, ಕೂಗಿದ, ಎಣ್ಣೆಯ ಹಾಗೆ ಬೆವರು ಸುರಿಸಿದ. ಬಿಡ್ಲಿಲ್ಲ. ಮೂರನೇ ದಿನ ಅವನ ತಾಯಿ ಬಂದಳು. ತಾಯಿ ಮಾತ್ರ ದೊಡ್ಡ ಪುಣ್ಯವಂತೆ, ಬಹಳ ಬುದ್ಧಿವಂತೆ. ಅವಳು ನೆಲಕ್ಕೆ ಎಣ್ಣೆ ಬಿಟ್ಟು, ನನ್ನ ಮಗನಿಗೆ ಬುದ್ಧಿ ಇಲ್ಲ, ಈ ಒಂದು ಸಲ ಬಿಡು ಅಂತ ಕೇಳಿದಳು. ಆಗ ಬಿಟ್ಟಳಂತೆ. ಅದಕ್ಕೇ ನಾವು ಇವತ್ತಿಗೂ ಎಣ್ಣೆ ಬಿಡುದು.’

‘ಇದು... ತುಂಬ ಹಳೆಯ ಕಥೆಯಾ ಅಕ್ಕ?’ ಎಂದು ಕಷ್ಟದಲ್ಲಿ ಕೇಳಿದೆ.

‘ಹಳೆಯದಾ? ನಮ್ಮ ಅತ್ತೆಗೆ ಅವರ ಅತ್ತೆ ಹೇಳಿದ್ದಂತೆ. ನೂರಾರು ವರ್ಷ ಆಗಿರ್ಬೇಕು.’

‘ಹೌದೌದು, ಹಳೆಯ ಕಥೆ’ ಎಂದರು ಅಮ್ಮ, ತಲೆ ಎತ್ತದೆ. ‘ನಾನೂ ಸಣ್ಣದಿರುವಾಗ ಕೇಳಿದ್ದೆ.’

ಇಷ್ಟು ವರ್ಷ ಹುಡುಕಿದ ಮೂಲ ನನ್ನ ಪಕ್ಕದಲ್ಲೇ ಕೂತು ನನ್ನೆರಿ ತಿನ್ನುತ್ತಿತ್ತು. ಕೊನೆಗೆ ಒಂದೇ ಕುತೂಹಲ ಉಳಿಯಿತು. ‘ಆಮೇಲೆ ಆ ರಾಕ್ಷಸ ಎಂತ ಆದ ಅಕ್ಕ? ಸತ್ತನಾ?’

‘ಇಲ್ಲಪ್ಪ, ಇನ್ನೂ ಇದ್ದಾನಂತೆ. ವರ್ಷ ಪೂರ್ತಿ ಅಗೆಯುದು ಬಿಟ್ಟಿಲ್ಲ. ಆದರೆ ತಾಯಿಯ ಹೆದರಿಕೆ ನೋಡು, ಕೆಡ್ಡಸದ ಮೂರು ದಿನ ಮಾತ್ರ ಅವಳ ಪಕ್ಕದಲ್ಲಿ ಬಾಯಿ ಮುಚ್ಚಿ ಕೂತು, ಬಡಿಸಿದಷ್ಟು ನನ್ನೆರಿ ತಿಂತಾನಂತೆ’ ಎಂದು ಹೇಳಿ ಅಕ್ಕ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದರು.